ನನ್ನನ್ನು ಕೇಳಿದರೆ…

ನಮ್ಮ ಮಂಡ್ಯದ ಸೀಮೆಯಲ್ಲಿ ಒಂದು ಮಾತುಂಟು. ಮಾತೆನ್ನುವುದಕ್ಕಿಂತ ಮಾತಿನ ಪೀಠಿಕೆ ಎಂದರೆ ಸರಿಯಾದೀತು. 'ನನ್ನ ಕೇಳುದ್ರೆ…' ಎಂಬುದೇ ಆ ಪೀಠಿಕೆ. ಇದನ್ನು ಆಡುವಾತನನ್ನು ಯಾರೂ ಏನನ್ನೂ ಕೇಳಿರುವುದಿಲ್ಲ. ಕೇಳಲೆಂದು ಕಾಯುವ ವ್ಯವಧಾನವೂ ಆತನಿಗಿರುವುದಿಲ್ಲ. ಮಂಡ್ಯದ ಹೋಟೆಲಿನಲ್ಲಿ ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿಕೊಂಡು ಕುಳಿತವರು, ಮದ್ದೂರಿನ ರೈಲು ನಿಲ್ದಾಣದಲ್ಲಿ ವಡೆಯ ಪೊಟ್ಟಣ ಬಿಚ್ಚುವವರು, ಮಳವಳ್ಳಿಯಲ್ಲಿ ಬಾರದ ಬಸ್ಸಿಗೆ ಕಾಯುತ್ತ ನಿಂತವರು, ಎಲ್ಲರೂ ಈ ಪೀಠಿಕೆಯಿಂದಲೇ ಲೋಕದ ವ್ಯವಹಾರಕ್ಕೆ ಕೈಹಾಕುವುದು. ಮಳೆ, ಕಬ್ಬಿನ ಬೆಲೆ, ಕಾವೇರಿಯ ನೀರು, ಚುನಾವಣೆ ಇವು ನಿತ್ಯದ ವಿಷಯಗಳು. ಇವಕ್ಕೆ ತುಸು ಬಿಡುವು ದೊರೆತಾಗ ಯಂತ್ರಗಳ ಸರದಿ. ರೇಡಿಯೋ ಬಂದಾಗ ರೇಡಿಯೋ, ಟೆಲಿವಿಷನ್ ಬಂದಾಗ ಟೆಲಿವಿಷನ್, ಈಗ ಅಂಗೈಯೊಳಗಿನ ಮೊಬೈಲು. ಯಂತ್ರ ಬದಲಾದರೂ ಅಭಿಪ್ರಾಯಕ್ಕೆ ಮಾತ್ರ ನಮ್ಮಲ್ಲಿ ಎಂದೂ ಬರ ಬಂದಿಲ್ಲ.

ವಿದ್ಯಾವಂತರು ಇಂಥ ಅಭಿಪ್ರಾಯಗಳನ್ನು ಕೇಳಿ ನಗುವುದುಂಟು. ನಾನು ಮಳವಳ್ಳಿ, ಮದ್ದೂರು ತಾಲ್ಲೂಕುಗಳ ಹಳ್ಳಿಯ ಶಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ವಿಜ್ಞಾನದ ಪಾಠ ಹೇಳಿದವನು. ನಗುವ ಹಕ್ಕು ನನಗೂ ಇದ್ದೀತು. ಆದರೆ ಆ ಹಕ್ಕನ್ನು ಚಲಾಯಿಸಲು ನನಗೆ ಮನಸ್ಸು ಬಂದಿಲ್ಲ. ಏಕೆಂಬುದಕ್ಕೆ ಒಂದು ನಿದರ್ಶನ ಹೇಳುತ್ತೇನೆ.

ಶಿವನಸಮುದ್ರ ಇರುವುದು ನಮ್ಮ ಮಳವಳ್ಳಿ ತಾಲ್ಲೂಕಿನಲ್ಲಿ. 1902ರಲ್ಲಿ ಅಲ್ಲಿ ಕಾವೇರಿಯ ನೀರಿನಿಂದ ಉತ್ಪಾದಿಸಿದ ವಿದ್ಯುತ್ತು ಸುಮಾರು 92 ಮೈಲಿ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. ಅಷ್ಟು ದೂರ ವಿದ್ಯುತ್ತನ್ನು ಸಾಗಿಸುವುದೆಂದರೆ ಅಂದಿಗೆ ಜಗತ್ತೇ ಹುಬ್ಬೇರಿಸುವ ಸಾಹಸ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ಇದೆಲ್ಲವೂ ಪಠ್ಯಪುಸ್ತಕದಲ್ಲಿದೆ. ಪಠ್ಯಪುಸ್ತಕದಲ್ಲಿಲ್ಲದ ಒಂದು ಅಭಿಪ್ರಾಯವನ್ನು ನಾನು ಬಾಲ್ಯದಲ್ಲಿ ನಮ್ಮೂರಿನ ಅರಳಿಕಟ್ಟೆಯ ಮೇಲೆ ಕೇಳಿದ್ದೆ. ನನ್ನ ತಾತನ ಓರಗೆಯ ಹಿರಿಯರೊಬ್ಬರು ಎಲೆಯಡಿಕೆ ಮೆಲ್ಲುತ್ತ ಹೇಳಿದ್ದರು: "ನನ್ನ ಕೇಳುದ್ರೆ, ನೀರ್ನಲ್ಲಿರೋ ಕರೆಂಟ್ನೆಲ್ಲ ಇಂಡ್ಕಂಡು ಬರೀ ಚರಟ ಬುಟ್ಟವ್ರೆ ಕನಪ್ಪಾ. ಅಂತಾ ನೀರ್ನಲ್ಲಿ ಪೈರು ಎಂಗಾಯ್ತದೆ?"

ಕಬ್ಬನ್ನು ಗಾಣಕ್ಕೆ ಕೊಟ್ಟು ಹಾಲು ಹಿಂಡುವುದನ್ನು ಕಂಡ ಜನಕ್ಕೆ ನೀರೂ ಕಬ್ಬಿನಂತೆಯೇ ಕಂಡುದರಲ್ಲಿ ಆಶ್ಚರ್ಯವೇನು? ವಿಜ್ಞಾನದ ದೃಷ್ಟಿಯಿಂದ ಇದು ತಪ್ಪೇ ಸರಿ. ಎತ್ತರದಿಂದ ಬೀಳುವ ನೀರಿನ ರಭಸ ಚಕ್ರವನ್ನು ತಿರುಗಿಸುತ್ತದೆ. ಚಕ್ರ ವಿದ್ಯುಜ್ಜನಕವನ್ನು ತಿರುಗಿಸುತ್ತದೆ. ನೀರು ಹೋದಂತೆಯೇ ಹೊರಬರುತ್ತದೆ, ಅದರ ಸತ್ತ್ವ ಎಳ್ಳಷ್ಟೂ ಕುಂದುವುದಿಲ್ಲ. ಇದನ್ನು ನಾನು ಮುಂದೆ ನೂರಾರು ಮಕ್ಕಳಿಗೆ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದ್ದೇನೆ. ಆದರೆ ಆ ಹಿರಿಯರ ಮಾತಿನ ಹಿಂದೆ ಇನ್ನೊಂದು ಲೆಕ್ಕವಿತ್ತು. ನೀರು ನಮ್ಮ ತಾಲ್ಲೂಕಿನದು, ಬೆಳಕು ಬೇರೆಲ್ಲಿಯದೋ. ಅವರು ಈ ಮಾತನ್ನಾಡಿದಾಗ ನಮ್ಮ ಮನೆಯಲ್ಲಿ ಉರಿಯುತ್ತಿದ್ದುದು ಸೀಮೆಎಣ್ಣೆಯ ಬುಡ್ಡಿ. ಭೌತಶಾಸ್ತ್ರದಲ್ಲಿ ತಪ್ಪಿದ ಅವರು ಜಮಾಖರ್ಚಿನಲ್ಲಿ ತಪ್ಪಿರಲಿಲ್ಲ. ಯಂತ್ರದ ಒಳಗೇನಿದೆ ಎಂಬುದನ್ನು ಎಂಜಿನಿಯರು ಬಲ್ಲ. ಯಂತ್ರ ತನ್ನ ಬಾಗಿಲಿಗೆ ಏನು ತಂದಿತು, ಏನು ಕೊಂಡೊಯ್ದಿತು ಎಂಬುದನ್ನು ಮನೆಯವನೇ ಬಲ್ಲ. ಆದುದರಿಂದ ಕಟ್ಟೆಯ ಅಭಿಪ್ರಾಯವನ್ನು ಪೂರ್ತಿ ನಂಬಬೇಕಾಗಿಲ್ಲ, ಪೂರ್ತಿ ತಳ್ಳಿಹಾಕಲೂ ಬಾರದು.

ವಿದ್ಯುತ್ತಿನ ತರುವಾಯ ನಮ್ಮೂರಿಗೆ ಬಂದುದು ರೇಡಿಯೋ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಒಂದು ಪುಟ್ಟ ಪ್ರಸಾರ ನಿಲಯವನ್ನು ನಡೆಸತೊಡಗಿದರು. ಆ ನಿಲಯದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. 1955ರಲ್ಲಿ ಬೆಂಗಳೂರು ನಿಲಯ ಆರಂಭವಾಯಿತು. ನಮ್ಮೂರಿನ ಪಂಚಾಯಿತಿ ಕಟ್ಟಡದಲ್ಲಿ ಮರದ ಪೆಟ್ಟಿಗೆಯಂಥ ರೇಡಿಯೋ ಬಂದು ಕುಳಿತುದು ಅದಕ್ಕೂ ಕೆಲವು ವರ್ಷಗಳ ಅನಂತರ. ಸಂಜೆ ಅದರ ಕಿವಿ ಹಿಂಡುವ ಅಧಿಕಾರ ಪಂಚಾಯಿತಿಯ ಜವಾನನೊಬ್ಬನದೇ. ಆತ ಅಂದು ಅನುಭವಿಸಿದ ಗೌರವವನ್ನು ಇಂದಿನ ಮಂತ್ರಿಗಳೂ ಅನುಭವಿಸಿರಲಾರರು.

ರೇಡಿಯೋ ಬಗ್ಗೆ ನಮ್ಮ ಕಟ್ಟೆಯ ತೀರ್ಮಾನ ಸರಳವಾಗಿತ್ತು: "ಯೋಳ್ತದೆ, ಕೇಳಾಕಿಲ್ಲ." ಎಷ್ಟು ಚಿಕ್ಕ ವಿಮರ್ಶೆ! ಸಮೂಹ ಮಾಧ್ಯಮಗಳ ಮೇಲೆ ಬರೆದ ದೊಡ್ಡ ಗ್ರಂಥಗಳು ನೂರು ಪುಟಗಳಲ್ಲಿ ಹೇಳುವುದನ್ನು ಇದು ಎರಡು ಪದಗಳಲ್ಲಿ ಹೇಳಿ ಮುಗಿಸಿದೆ. ಆದರೆ ರೇಡಿಯೋ ಕೇಳದಿದ್ದುದರಿಂದ ನಮಗೆ ನಷ್ಟವೇನೂ ಆಗಲಿಲ್ಲ. ಅದು ಬಾಯಿ ಮುಚ್ಚಿದೊಡನೆ ಊರು ಬಾಯಿ ತೆರೆಯುತ್ತಿತ್ತು. 'ಚದರಿದಂತೆ ಮಳೆ' ಎಂದು ಅದು ಹೇಳಿದರೆ, 'ಚದರಿ ಎಲ್ಲಿಗೆ ಹೋಯಿತು?' ಎಂಬ ವಿಚಾರಣೆ. ಕಬ್ಬಿಗೆ ಇಂಥ ಗೊಬ್ಬರ ಹಾಕಿರೆಂದರೆ, ಹಾಕಿ ಕೈಸುಟ್ಟುಕೊಂಡವನ ಸಾಕ್ಷ್ಯ. ವರ್ತಮಾನಪತ್ರಿಕೆಯದೂ ಇದೇ ಕಥೆ. ಬೆಳಗಿನ ಬಸ್ಸಿನಲ್ಲಿ ಬರುತ್ತಿದ್ದ ಒಂದೇ ಪ್ರತಿಯನ್ನು ಕ್ಷೌರದಂಗಡಿಯಲ್ಲಿ ಒಬ್ಬ ಗಟ್ಟಿಯಾಗಿ ಓದಿದರೆ ಇಪ್ಪತ್ತು ಜನ ಕೇಳುತ್ತಿದ್ದರು. ಓದುವವನು ನಡುನಡುವೆ ತನ್ನ ಸ್ವಂತ ಸುದ್ದಿಯನ್ನೂ ಸೇರಿಸುತ್ತಿದ್ದನೆನ್ನಿ. ಆದರೆ ಆಲಿಸುವವರ ನಡುವೆ ಓದುಬಲ್ಲ ಇನ್ನೊಬ್ಬ ಇದ್ದೇ ಇರುತ್ತಿದ್ದ. "ಎಲ್ಲೈತ್ಲಾ ಅದು? ತೋರ್ಸು," ಎಂದು ಆತ ಎದ್ದುಬಂದರೆ ಸಾಕು, ಸೇರಿಸಿದ ಸುದ್ದಿ ಉದುರಿಬೀಳುತ್ತಿತ್ತು.

ಹಾಗೆಂದು ಆ ಕಾಲದಲ್ಲಿ ಗಾಳಿಸುದ್ದಿ ಇರಲಿಲ್ಲವೆಂದು ಯಾರೂ ಭಾವಿಸಬೇಕಾಗಿಲ್ಲ. 1995ರ ಸೆಪ್ಟೆಂಬರ್ 21ರಂದು ದೇಶಾದ್ಯಂತ ಗಣಪತಿಯ ವಿಗ್ರಹಗಳು ಹಾಲು ಕುಡಿದುದು ಹಲವರಿಗೆ ನೆನಪಿರಬಹುದು. ಅಂದು ಸುದ್ದಿ ಹಬ್ಬಿದ್ದು ದೂರವಾಣಿಯ ತಂತಿಯ ಮೇಲೆ, ಎಸ್.ಟಿ.ಡಿ. ಬೂತುಗಳ ಮೂಲಕ. ನಾನು ಶಾಲೆಯ ಅಂಗಳದಲ್ಲಿ ಬಿದ್ದಿದ್ದ ಒಂದು ಗುಂಡುಕಲ್ಲನ್ನು ತೊಳೆದು, ಒದ್ದೆ ಕಲ್ಲಿಗೆ ಹಾಲಿನ ಚಮಚೆಯನ್ನು ಮುಟ್ಟಿಸಿ ತೋರಿಸಿದೆ. ಕಲ್ಲೂ ಹಾಲು ಕುಡಿಯಿತು! ಚಮಚೆಯ ಅಂಚಿನ ಹಾಲು ಮೇಲ್ಮೈ ಎಳೆತದಿಂದ ಕಲ್ಲಿಗೆ ಅಂಟಿ, ತೆಳುವಾದ ಪದರವಾಗಿ ಕೆಳಕ್ಕೆ ಜಾರುತ್ತದೆ. ಪದರ ತೀರ ತೆಳುವಾದ್ದರಿಂದ ಒದ್ದೆ ಕಲ್ಲಿನ ಮೇಲೆ ಕಣ್ಣಿಗೆ ಬೀಳುವುದಿಲ್ಲ. ದೆಹಲಿಯ ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ಇದನ್ನೇ ತೋರಿಸಿಕೊಟ್ಟರು. ನನ್ನ ಪ್ರಯೋಗವನ್ನು ನೋಡಿದ ಗೌಡರೊಬ್ಬರು ತಲೆದೂಗಿ, "ಅಂಗಾರೆ ಕಲ್ಲೂ ದೇವ್ರೇ ಅಂತಾಯ್ತು ಬುಡಿ ಮೇಷ್ಟ್ರೇ," ಎಂದರು. ವಿಜ್ಞಾನ ಸೋತಿತೋ ಗೆದ್ದಿತೋ ತಿಳಿಯಲಿಲ್ಲ. ಆದರೆ ಮಾತು ನಗುವಿನಲ್ಲಿ ಮುಗಿಯಿತು. ಯಾರಿಗೂ ಅದರಿಂದ ಕೇಡಾಗಲಿಲ್ಲ.

ಅದಾದ ಐದು ವರ್ಷಕ್ಕೆ, 2000ದ ಜುಲೈ 30ರ ರಾತ್ರಿ, ಗಾಜನೂರಿನ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದ. ಅವರು ಹಿಂದಿರುಗುವವರೆಗಿನ 108 ದಿನ ನಮ್ಮ ಜಿಲ್ಲೆ ಸರಿಯಾಗಿ ನಿದ್ರಿಸಲಿಲ್ಲ. ಕಾಡಿನಿಂದ ಬರುತ್ತಿದ್ದುದು ಧ್ವನಿಸುರುಳಿಗಳು. ಅವುಗಳಲ್ಲಿ ಇದ್ದುದಕ್ಕಿಂತ ಇಲ್ಲದುದೇ ಹೆಚ್ಚಾಗಿ ಹಬ್ಬುತ್ತಿತ್ತು. ಮುಖ್ಯಮಂತ್ರಿಗಳಾಗಿದ್ದ ಎಸ್. ಎಂ. ಕೃಷ್ಣ ಅವರು ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವರು. ಹಾಗಾಗಿ ನಮ್ಮ ಕಡೆ ಪ್ರತಿಯೊಬ್ಬನಿಗೂ ಸೋಮನಹಳ್ಳಿಯ ನೆಂಟರೊಬ್ಬರು ದಿಢೀರನೆ ಹುಟ್ಟಿಕೊಂಡರು! "ನಾಳೆ ಬುಡ್ತಾರಂತೆ" ಎಂದು ಸೋಮವಾರ ಹೇಳಿದವನನ್ನು ಬುಧವಾರ ಊರೇ ಹಿಡಿದು ನಿಲ್ಲಿಸುತ್ತಿತ್ತು: "ಎಲ್ಲಪ್ಪಾ ನಿನ್ನ ನೆಂಟ?" ಎರಡು ಸಲ ಹೀಗಾದ ಮೇಲೆ ಆತ ಮೂರನೆಯ ಸುದ್ದಿಯನ್ನು ಬಾಯಿಗೆ ತರುವ ಮುನ್ನ ಎಂಜಲು ನುಂಗುತ್ತಿದ್ದ. ಸುಳ್ಳಿಗೆ ಅಂದಿನ ಶಿಕ್ಷೆ ಇಷ್ಟೇ. ಹೇಳಿದವನು ಮರುದಿನ ಬೆಳಿಗ್ಗೆ ಅದೇ ಕಟ್ಟೆಯ ಮುಂದೆಯೇ ಹೊಲಕ್ಕೆ ಹೋಗಬೇಕಾಗಿತ್ತು.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಆ ಕಟ್ಟೆಯ ಮೇಲೆ ಎಲ್ಲರಿಗೂ ಸ್ಥಳವಿರಲಿಲ್ಲ. ಹೆಂಗಸರು ಅದರ ಮುಂದೆ ಸೆರಗು ಸರಿಪಡಿಸಿಕೊಂಡು ಬೇಗಬೇಗನೆ ಹಾದುಹೋಗುತ್ತಿದ್ದರು. ಕೇರಿಯ ಜನ ದೂರದಲ್ಲಿ ನಿಂತು ಕೇಳಬಹುದಾಗಿತ್ತು, ಮೇಲೆ ಕುಳಿತು 'ನನ್ನ ಕೇಳುದ್ರೆ' ಎನ್ನುವಂತಿರಲಿಲ್ಲ. ರೇಡಿಯೋ ಪೆಟ್ಟಿಗೆಗೆ ಕಿವಿಯಿಲ್ಲವೆಂದು ಗೊಣಗಿದ ಕಟ್ಟೆಗೂ ಊರಿನ ಮುಕ್ಕಾಲು ಪಾಲು ಜನರ ಮಾತಿಗೆ ಕಿವಿಯಿರಲಿಲ್ಲ. ಇಂದು ಅದೇ ಕೇರಿಯ ಹುಡುಗಿ ಮಂಡ್ಯದ ಕಾಲೇಜಿನಿಂದ ತನ್ನ ಮೊಬೈಲಿನಲ್ಲಿ ಊರಿನ ನಲ್ಲಿಯ ನೀರಿನ ಬಗ್ಗೆ ನಾಲ್ಕು ಸಾಲು ಬರೆದರೆ, ಪಂಚಾಯಿತಿಯ ಸದಸ್ಯರು ಉತ್ತರ ಕೊಡಲೇಬೇಕಾಗುತ್ತದೆ. ಇದು ಸಣ್ಣ ಲಾಭವಲ್ಲ. ಹೊಸ ಯಂತ್ರವನ್ನು ಹಳಿಯುವವರು ಈ ಜಮೆಯನ್ನು ಬರೆಯದೆ ಬರಿಯ ಖರ್ಚನ್ನೇ ಬರೆದರೆ ಲೆಕ್ಕ ತಾಳೆಯಾಗದು.

ಇನ್ನು ಖರ್ಚಿನ ಬಾಬತ್ತಿಗೆ ಬರೋಣ. 2018ರ ಬೇಸಗೆಯಲ್ಲಿ ರಾಜ್ಯದ ಊರೂರಿಗೂ ವಾಟ್ಸಾಪಿನಲ್ಲಿ ಒಂದು ಚಿತ್ರ ಬಂದಿತು. ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಓಡುವ ದೃಶ್ಯ ಅದರಲ್ಲಿತ್ತು. ವಾಸ್ತವವಾಗಿ ಅದು ಮಕ್ಕಳ ಸುರಕ್ಷತೆಯ ಬಗ್ಗೆ ಪಾಕಿಸ್ತಾನದ ಕರಾಚಿಯಲ್ಲಿ ತಯಾರಿಸಿದ ಒಂದು ತಿಳಿವಳಿಕೆಯ ಚಿತ್ರ. ಮಗುವನ್ನು ಹಿಂದಿರುಗಿಸಿ, ಫಲಕ ಹಿಡಿದು ಎಚ್ಚರಿಕೆ ಹೇಳುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿ ಹಾಕಿದ್ದರು. ಕತ್ತರಿಸಿದ ಆ ಕೆಲವು ಕ್ಷಣಗಳ ಬೆಲೆಯನ್ನು ಮನುಷ್ಯರು ಪ್ರಾಣದಿಂದ ತೆತ್ತರು. ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ, ಕೆಲಸ ಅರಸಿ ರಾಜಸ್ಥಾನದಿಂದ ಬಂದಿದ್ದ ಒಬ್ಬನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟುದೇ ಅಪರಾಧವಾಗಿ, ಹೈದರಾಬಾದಿನ ಒಬ್ಬ ತರುಣ ಎಂಜಿನಿಯರನ ಪ್ರಾಣ ಹೋಯಿತು. ಆ ಗೆಳೆಯರ ಕಾರು ಮುರ್ಕಿಯನ್ನು ತಲಪುವ ಮುನ್ನವೇ ಸಂದೇಶ ತಲಪಿತ್ತು. ಆ ತಿಂಗಳಲ್ಲಿಯೇ ವಾಟ್ಸಾಪ್ ಸಂಸ್ಥೆಯವರು ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಕಳುಹಿಸಲಾಗದಂತೆ ಕಟ್ಟು ಹಾಕತೊಡಗಿದರು.

ಆ ಚಿತ್ರ ನಮ್ಮೂರಿಗೂ ಬಂದಿತ್ತು. ಜೂನ್ ತಿಂಗಳ ಒಂದು ಮಧ್ಯಾಹ್ನ, ಉತ್ತರದ ಕಡೆಯ ಒಬ್ಬ ಕಂಬಳಿ ವ್ಯಾಪಾರಿ ಬೈಕಿನ ಹಿಂದೆ ಗಂಟು ಕಟ್ಟಿಕೊಂಡು ಬಂದ. ಶಾಲೆಯ ಬಳಿ ಬೈಕು ನಿಲ್ಲಿಸಿ ನೀರು ಕೇಳಿದನಂತೆ. ಅಷ್ಟೇ ಸಾಕಾಯಿತು. ನಾನೂ ನಮ್ಮ ಬೀದಿಯ ದೊಡ್ಡವ್ವನೂ ಆಲೆಮನೆಯಿಂದ ಹಿಂದಿರುಗುತ್ತಿದ್ದೆವು. ಕಟ್ಟೆಯ ಸುತ್ತ ಮೂವತ್ತು, ನಲವತ್ತು ಹುಡುಗರು ಸೇರಿದ್ದರು. ಎಲ್ಲರ ಕೈಯಲ್ಲೂ ಮೊಬೈಲು. ಇಬ್ಬರ ಕೈಯಲ್ಲಿ ಕಬ್ಬಿನ ಜಲ್ಲೆ. ವ್ಯಾಪಾರಿಯ ಅಂಗಿಯ ಕೊರಳು ಹರಿದಿತ್ತು. ಆತ ತನ್ನ ಭಾಷೆಯಲ್ಲಿ ಏನನ್ನೋ ಹೇಳುತ್ತಿದ್ದ; ಕೇಳುವವರಿರಲಿಲ್ಲ. ಆ ಹುಡುಗರಲ್ಲಿ ಅರ್ಧ ಜನ ನನ್ನ ಶಿಷ್ಯರು. ನಾನು ಕೂಗಿದುದು ಅವರಿಗೆ ಕೇಳಿಸಲಿಲ್ಲ. ಗುಂಪಿನ ಕಿವಿ ಬೇರೆ, ಮಕ್ಕಳ ಕಿವಿ ಬೇರೆ ಎಂಬುದನ್ನು ಅಂದು ಕಂಡೆ.

ದೊಡ್ಡವ್ವ ಎಂಬತ್ತರ ಮುದುಕಿ. ಜೀವಮಾನದಲ್ಲಿ ಒಂದು ದಿನವೂ ಆ ಕಟ್ಟೆಯ ಮೇಲೆ ಕುಳಿತವಳಲ್ಲ. ಕೈಯಲ್ಲಿದ್ದ ಬೆಲ್ಲದ ಪಾತ್ರೆಯನ್ನು ನನಗೆ ಕೊಟ್ಟು, ನುಗ್ಗಿಕೊಂಡು ಒಳಗೆ ಹೋದಳು. ಹೋದವಳು ಗದರಲಿಲ್ಲ, ಅಳಲಿಲ್ಲ. ಒಂದೇ ಪ್ರಶ್ನೆ ಕೇಳಿದಳು:

"ಮಗೀನ ಕಳಕಂಡೋರು ಯಾರ್ಲಾ? ಎಸ್ರೇಳಿ."

ಯಾರೂ ಹೇಳಲಿಲ್ಲ. ಒಬ್ಬ ಮೊಬೈಲನ್ನು ಮುಂದೆ ಚಾಚಿ, "ಇದ್ರಲ್ಲಿ ಐತೆ ದೊಡ್ಡವ್ವ," ಎಂದ.

"ಅದ್ರಲ್ಲಿರ್ಲಿ. ನಮ್ಮೂರ್ನಾಗೆ ಯಾರ ಮನೆ ಮಗ? ಯಾವ ಬೀದಿ? ಕಂಡೋರ್ಯಾರು?"

ಮತ್ತೆ ಮೌನ. ಮುದುಕಿ ವ್ಯಾಪಾರಿಯ ಮುಖವನ್ನು ಹಿಡಿದು ಬಿಸಿಲಿಗೆ ತಿರುಗಿಸಿ, ಕಣ್ಣು ಕಿರಿದು ಮಾಡಿ ನೋಡಿದಳು. ಬಳಿಕ ಹುಡುಗರ ಕಡೆಗೆ ತಿರುಗಿ ಹೇಳಿದಳು: "ಓದೊರ್ಸ ನಂಗೆ ಕಂಬ್ಳಿ ಕೊಟ್ಟೋನು ಇವ್ನೇ ಕನ್ರಲಾ. ಇನ್ನೂ ನೂರೈವತ್ತು ರೂಪಾಯಿ ನಾನೇ ಕೊಡ್ಬೇಕು. ಇವ್ನ್ ಸತ್ರೆ ಆ ಸಾಲ ಯಾರಿಗ್ಲಾ ತೀರಿಸ್ಲಿ?"

ಯಾರೋ ಒಬ್ಬ ನಕ್ಕ. ಆ ನಗುವೇ ಸಾಕಾಯಿತು. ಗುಂಪು ಸಡಿಲಿತು; ಕಬ್ಬಿನ ಜಲ್ಲೆ ಹಿಡಿದಿದ್ದವನು ಅದನ್ನು ಮುರಿದು ತಿನ್ನತೊಡಗಿದ. ವ್ಯಾಪಾರಿಯನ್ನು ದೊಡ್ಡವ್ವನ ಜಗಲಿಯಲ್ಲಿ ಕೂರಿಸಿ, ಮಜ್ಜಿಗೆ ಕುಡಿಸಿ, ನಾನು ಸಂಜೆ ಮಳವಳ್ಳಿಯವರೆಗೆ ಅವನ ಜೊತೆಯಲ್ಲಿಯೇ ಹೋಗಿಬಂದೆ. ದಾರಿಯುದ್ದಕ್ಕೂ ಆತನ ಕೈ ನಡುಗುತ್ತಿತ್ತು. ಸಾಲದ ನೂರೈವತ್ತನ್ನು ದೊಡ್ಡವ್ವ ಅಂದೇ ತೀರಿಸಿದ್ದಳು. ಆತ ಬೇಡವೆಂದು ಕೈಮುಗಿದರೂ ಬಿಡಲಿಲ್ಲ.

ಆ ಮುದುಕಿಯ ಪ್ರಶ್ನೆಯನ್ನು ನಾನು ಬಹಳ ದಿನ ಯೋಚಿಸಿದೆ. ಕೈಯಲ್ಲಿ ಯಂತ್ರ ಹಿಡಿದ ಆ ಹುಡುಗರು ಕ್ರೂರಿಗಳಲ್ಲ. ಮಗುವೊಂದಕ್ಕೆ ಅಪಾಯ ಒದಗಿತೆಂದು ನಂಬಿ ಓಡಿಬಂದವರು. ಅವರ ಕರುಣೆಯೇ ಅವರನ್ನು ಕೊಲೆಯ ಅಂಚಿನವರೆಗೆ ಕೊಂಡೊಯ್ದಿತ್ತು. ಕೊರತೆಯಾದುದು ಒಂದೇ: ಆ ಸುದ್ದಿಗೆ ಮುಖವಿರಲಿಲ್ಲ. ಅದನ್ನು ಮೊದಲು ಹೇಳಿದವನು ಯಾರೆಂದು ಯಾರಿಗೂ ತಿಳಿಯದು. ಮರುದಿನ ಅವನನ್ನು ನಿಲ್ಲಿಸಿ ಕೇಳಲು ಯಾವ ಕಟ್ಟೆಯೂ ಇಲ್ಲ. ಬಾಯಿಂದ ಬಾಯಿಗೆ ಹೋಗುವ ಮಾತು ಪ್ರತಿಯೊಂದು ಬಾಯಿಯಲ್ಲೂ ಒಂದಿಷ್ಟು ಹೊತ್ತು ತಂಗುತ್ತದೆ; ಆಗ ಅನುಮಾನಕ್ಕೆ ಅವಕಾಶ ದೊರೆಯುತ್ತದೆ. ಬೆರಳ ತುದಿಯಿಂದ ಹೋಗುವ ಮಾತಿಗೆ ತಂಗುದಾಣವೇ ಇಲ್ಲ.

ಬೆರಳ ತುದಿಯ ಮಾತೆಲ್ಲ ಕೇಡಿನದೇನಲ್ಲ. ವಿನೋದಕ್ಕೂ ಅದೇ ವೇಗವುಂಟು. 2019ರ ಲೋಕಸಭಾ ಚುನಾವಣೆಯ ಕಾಲದಲ್ಲಿ ಚಲನಚಿತ್ರದ ಹಳೆಯ ಸಮಾರಂಭವೊಂದರಲ್ಲಿ ತಂದೆ ಮಗನನ್ನು ಕರೆದ 'ನಿಖಿಲ್ ಎಲ್ಲಿದ್ದೀಯಪ್ಪ' ಎಂಬ ಮಾತು ಮಂಡ್ಯದಿಂದ ಹೊರಟು ರಾಜ್ಯವನ್ನೆಲ್ಲ ನಗಿಸಿತು. ಆ ಪಕ್ಷ, ಈ ಪಕ್ಷವೆನ್ನದೆ ಮಕ್ಕಳೆಲ್ಲ ಅದನ್ನು ಆಟದ ಹಾಡು ಮಾಡಿಕೊಂಡರು. ನಗೆಗೆ ಒಡೆಯ ಯಾರೆಂದು ತಿಳಿಯದಿದ್ದರೂ ನಡೆದೀತು. ಒಬ್ಬನ ಪ್ರಾಣವನ್ನೋ ಮಾನವನ್ನೋ ಕೇಳುವ ಸುದ್ದಿಗೆ ಮಾತ್ರ ಒಡೆಯ ಬೇಕೇ ಬೇಕು.

ಇದಕ್ಕೆ ಪರಿಹಾರವಾಗಿ ಯಂತ್ರವನ್ನೇ ಎಸೆಯಿರಿ ಎನ್ನುವವರ ಪೈಕಿ ನಾನಲ್ಲ. ಒಂದು ಪಹಣಿಗಾಗಿ ರೈತ ಗ್ರಾಮಲೆಕ್ಕಿಗರ ಮನೆಯ ಮುಂದೆ ದಿನಗಟ್ಟಲೆ ನಿಂತಿದ್ದ ಕಾಲವನ್ನು ನಾನು ಕಂಡಿದ್ದೇನೆ. 'ಭೂಮಿ' ಯೋಜನೆಯಿಂದ ಅದು ಕಂಪ್ಯೂಟರಿನಲ್ಲಿ ಅಚ್ಚಾಗಿ ಕೈಗೆ ಬಂದ ಕಾಲವನ್ನೂ ಕಂಡಿದ್ದೇನೆ. ಪರದೇಶದಲ್ಲಿರುವ ಮೊಮ್ಮಗಳ ಮುಖವನ್ನು ಗಾಜಿನ ಮೇಲೆ ಕಂಡು ದೊಡ್ಡವ್ವನೇ ದೃಷ್ಟಿ ತೆಗೆದುದನ್ನೂ ಕಂಡಿದ್ದೇನೆ. ಹಳೆಯ ಕಟ್ಟೆಗೆ ಹಿಂದಿರುಗುವುದೂ ಸಾಧ್ಯವಿಲ್ಲ. 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ವಾಹನಗಳು ಮದ್ದೂರನ್ನೂ ಮಂಡ್ಯವನ್ನೂ ಒಳಹೊಕ್ಕು ನೋಡದೆ ಪಕ್ಕದಲ್ಲಿಯೇ ಹಾರಿಹೋಗುತ್ತವೆ. ಹಳೆಯ ರಸ್ತೆಯ ಹೋಟೆಲಿನ ಬೆಂಚುಗಳಲ್ಲಿ ಪರವೂರಿನವರೊಡನೆ ನಡೆಯುತ್ತಿದ್ದ ವಾದಗಳೂ ಕಡಿಮೆಯಾಗಿವೆ. ಜನ ಮಾತನಾಡುವುದು ಇನ್ನು ಅಂಗೈಯಲ್ಲಿಯೇ. ಕಟ್ಟೆಯ ಕಟ್ಟುಪಾಡನ್ನು ಅಲ್ಲಿಗೇ ಕೊಂಡೊಯ್ಯಬೇಕು. ಕಟ್ಟೆಯ ಸಣ್ಣತನವನ್ನು ಮಾತ್ರ ಇಲ್ಲಿಯೇ ಬಿಟ್ಟುಹೋಗಬೇಕು.

ನಮ್ಮೂರಿನ ಹುಡುಗರು ಅದನ್ನು ತಮ್ಮದೇ ರೀತಿಯಲ್ಲಿ ಮಾಡಿದ್ದಾರೆ. ಕಂಬಳಿಯ ಪ್ರಸಂಗ ಕಳೆದ ವಾರವೇ ಅವರ ವಾಟ್ಸಾಪ್ ಗುಂಪಿನಲ್ಲಿ ಒಂದು ನಿಯಮ ಹುಟ್ಟಿತು. ಯಾರೇ ಸುದ್ದಿ ಹಾಕಲಿ, ಕೆಳಗೆ ಯಾರಾದರೊಬ್ಬರು 'ಕಂಡೋರ್ಯಾರು?' ಎಂದು ಬರೆಯುತ್ತಾರೆ. ಉತ್ತರ ಬಾರದಿದ್ದರೆ ಸುದ್ದಿ ಹಾಕಿದವನೇ ಅದನ್ನು ಅಳಿಸಬೇಕು. ಕಾನೂನಲ್ಲ, ದಂಡವಿಲ್ಲ, ನಾಚಿಕೆಯೊಂದೇ ಅದರ ಕಾವಲುಗಾರ. ಪ್ರಶ್ನೆ ಯಾರದೆಂಬುದು ಈಗಿನ ಸಣ್ಣ ಮಕ್ಕಳಿಗೆ ತಿಳಿಯದು. ದೊಡ್ಡವ್ವ ತೀರಿಕೊಂಡು ನಾಲ್ಕು ವರ್ಷವಾಯಿತು. ಓದುಬರಹ ಬಾರದ, ಕಟ್ಟೆ ಏರದ ಆಕೆಯ ಮಾತು ದಿನಕ್ಕೆರಡು ಸಲ ಊರವರ ಅಂಗೈಯಲ್ಲಿ ಮೂಡಿ ಮಾಯವಾಗುತ್ತಿದೆ.

ಮೊನ್ನೆ ರಾತ್ರಿ ಆ ಗುಂಪಿನಲ್ಲಿ ಒಬ್ಬ ಬರೆದಿದ್ದ: "ಹೊಳೆ ಕಡೆ ಜೋರು ಮಳೆ." ಕೆಳಗೆ ಕೂಡಲೇ ಇನ್ನೊಬ್ಬ ಕೇಳಿದ: "ಕಂಡೋರ್ಯಾರು?" ಉತ್ತರ ಬಂದಿತು: "ನಾನೇ ಕಲಾ. ನೆಂದು ನಿಂತಿವ್ನಿ, ಯಾರಾರ ಬಂದು ಕರ್ಕಂಡೋಗ್ರಲಾ."